ಅಭಿಮನ್ಯುವಿಗೆ ಯಾವ ಸ್ಕೂಟರ್?

"ಗುರು, ಯಾವ ಅಂಡರ್‌ವಾಟರ್ ಸ್ಕೂಟರ್ ತಗೊಳ್ಳಲಿ?" ಅಂತ ಕೇಳುವವರು ಈಗ ನನ್ನ ಪರಿಚಯದಲ್ಲೇ ನಾಲ್ಕೈದು ಮಂದಿ ಇದ್ದಾರೆ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಕಥೆ. ಮೊದಲು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಒಂದು ಡೈವ್. ಆಮೇಲೆ ಅಂಡಮಾನಿನಲ್ಲಿ ಕೋರ್ಸು, ಸರ್ಟಿಫಿಕೇಟು. ಆಮೇಲೆ ಸ್ವಂತ ಮಾಸ್ಕು, ಸ್ವಂತ ಫಿನ್ಸು, ಸ್ವಂತ ಡೈವ್ ಕಂಪ್ಯೂಟರು. ಅಲ್ಲಿಗೆ ಬಂದು ನಿಂತವರ ಕಣ್ಣು ಮುಂದೆ ಬೀಳೋದು ಈ ಸ್ಕೂಟರಿನ ಮೇಲೆ. ಎರಡು ಕೈಯಲ್ಲಿ ಹಿಡಿದು ಟ್ರಿಗರ್ ಒತ್ತಿದರೆ ಸಾಕು, ಒಳಗಿನ ಬ್ಯಾಟರಿ ಮೋಟಾರನ್ನು ತಿರುಗಿಸುತ್ತದೆ, ಪ್ರೊಪೆಲ್ಲರ್ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಕಾಲು ಬಡಿಯೋ ಕಷ್ಟವೇ ಇಲ್ಲ.

ಇವರೆಲ್ಲ ಕೇಳುವ ಎರಡನೇ ಪ್ರಶ್ನೆಯೂ ಒಂದೇ: "ಟಾಪ್ ಸ್ಪೀಡ್ ಎಷ್ಟು?"

ನಾನು ಸ್ಪೀಡಿನ ಲೆಕ್ಕ ಬಿಟ್ಟು ಯುದ್ಧದ ಕಥೆ ಶುರು ಮಾಡ್ತೀನಿ. ಕೇಳಿದವರಿಗೆ ಬೇಜಾರಾಗುತ್ತೆ, ಗೊತ್ತು. ಆದರೆ ಈ ಯಂತ್ರದ ನೂರು ವರ್ಷದ ಇತಿಹಾಸವನ್ನು ಓದಿದರೆ ಟಾಪ್ ಸ್ಪೀಡಿನ ಮೇಲೆ ಇರೋ ಆಸೆ ತಾನಾಗಿಯೇ ಇಳಿಯುತ್ತದೆ. ಯಾಕೆಂದರೆ ಇದು ಹುಟ್ಟಿದ ದಿನದಿಂದ ಇದನ್ನು ಕಾಡಿದ ಪ್ರಶ್ನೆ ಬೇರೆಯೇ. ಚಕ್ರವ್ಯೂಹ ಹೊಕ್ಕ ಅಭಿಮನ್ಯುವನ್ನು ಕಾಡಿದ ಪ್ರಶ್ನೆ ಅದು: ಒಳಗೆ ಹೋಗೋದೇನೋ ಸರಿ, ಹೊರಗೆ ಬರೋದು ಹೇಗೆ?

ಕಥೆ ಶುರುವಾಗೋದು 1918ರಲ್ಲಿ, ಇಟಲಿಯಲ್ಲಿ. ಮೊದಲ ಮಹಾಯುದ್ಧದ ಕೊನೆಯ ದಿನಗಳು. ಆಸ್ಟ್ರಿಯಾ-ಹಂಗೇರಿಯ ಯುದ್ಧನೌಕೆಗಳು ಪೋಲಾ ಬಂದರಿನೊಳಗೆ, ಬಲೆ-ಬೇಲಿಗಳ ಹಿಂದೆ ಬೆಚ್ಚಗೆ ಕೂತಿದ್ದವು. ಹೊರಗೆ ಬರುತ್ತಲೂ ಇರಲಿಲ್ಲ, ಒಳಗೆ ಹೋಗೋಕೆ ಇಟಲಿಯವರಿಗೆ ದಾರಿಯೂ ಇರಲಿಲ್ಲ. ಆಗ ರಾಫಾಯೆಲೆ ರೊಸ್ಸೆಟ್ಟಿ ಅನ್ನೋ ನೌಕಾ ಎಂಜಿನಿಯರ್ ಒಂದು ಹಳೆಯ ಟಾರ್ಪಿಡೋವನ್ನು ಬಿಚ್ಚಿ, ಮನುಷ್ಯರು ಹಿಡಿದುಕೊಂಡು ನಡೆಸಬಹುದಾದ ಯಂತ್ರವಾಗಿ ಬದಲಾಯಿಸಿದ. ಹೆಸರು 'ಮಿನ್ಯಾತ್ತಾ', ಅಂದರೆ ಜಿಗಣೆ. ಓಡೋದು ಒತ್ತಿ ತುಂಬಿದ ಗಾಳಿಯಿಂದ. ಉಸಿರಾಟದ ಉಪಕರಣ ಏನೂ ಇಲ್ಲ. ತಲೆ ನೀರಿನ ಮೇಲೆ ಇಟ್ಟುಕೊಂಡು, ಮೈ ನೀರಲ್ಲಿ ಮುಳುಗಿಸಿಕೊಂಡು, ಇಬ್ಬರು ಅದನ್ನು ಹಿಡಿದುಕೊಂಡು ಹೋಗಬೇಕು.

ಜೊತೆಗಾರನಾಗಿ ಸಿಕ್ಕಿದ್ದು ರಾಫಾಯೆಲೆ ಪಾವೊಲುಚ್ಚಿ ಅನ್ನೋ ನೌಕಾಪಡೆಯ ಡಾಕ್ಟರ್. ಅಕ್ಟೋಬರ್ 31ರ ರಾತ್ರಿ ಇಬ್ಬರೂ ಹೊರಟರು. ಬೇಲಿ ಮೇಲೆ ಬೇಲಿ ದಾಟಿ, 'ವಿರಿಬುಸ್ ಉನಿಟಿಸ್' ಅನ್ನೋ ದೊಡ್ಡ ಯುದ್ಧನೌಕೆಯ ಹತ್ತಿರ ತಲುಪುವಷ್ಟರಲ್ಲಿ ಬೆಳಗಾಗುತ್ತಾ ಬಂದಿತ್ತು. ಸ್ಫೋಟಕ ಅಂಟಿಸಿದರು, ಸಿಕ್ಕಿಬಿದ್ದರು. ನೌಕೆಯ ಮೇಲೆ ಎಳೆದುಕೊಂಡ ಮೇಲೆ ಗೊತ್ತಾಯಿತು: ಇವರು ದಾರಿಯಲ್ಲಿದ್ದ ಹೊತ್ತಿನಲ್ಲೇ ಆಸ್ಟ್ರಿಯಾ ಆ ನೌಕೆಯನ್ನು ದಕ್ಷಿಣ ಸ್ಲಾವ್ ಜನರ ಹೊಸ ಸರ್ಕಾರಕ್ಕೆ ಒಪ್ಪಿಸಿಬಿಟ್ಟಿತ್ತು. ಶತ್ರುವಿನ ಹಡಗು ಈಗ ಶತ್ರುವಿನದ್ದೇ ಅಲ್ಲ! ಇಬ್ಬರೂ ಕ್ಯಾಪ್ಟನ್ ಯಾಂಕೊ ವುಕೊವಿಚ್‌ಗೆ ವಿಷಯ ಹೇಳಿದರು. ಎಲ್ಲರೂ ಹಡಗು ಬಿಡಿ ಅಂತ ಅವನು ಆದೇಶ ಕೊಟ್ಟ. ಹೇಳಿದ ಹೊತ್ತಿಗೆ ಸ್ಫೋಟ ಆಗಲಿಲ್ಲ. ಜನ ವಾಪಸ್ ಹತ್ತತೊಡಗಿದರು. ಆಮೇಲೆ ಆಯಿತು. ಹಡಗು ಮುಳುಗಿತು, ಕ್ಯಾಪ್ಟನ್ ಸೇರಿ ಅನೇಕರು ಸತ್ತರು. ಬೆಳಗಿನ ಹೊತ್ತಿಗೆ ತಪ್ಪಿಸಿಕೊಂಡು ಸಮುದ್ರಕ್ಕೆ ಮರಳಬೇಕಿದ್ದ ಇಬ್ಬರು ಯುದ್ಧ ಕೈದಿಗಳಾಗಿದ್ದರು.

ಯಂತ್ರ ತನ್ನ ಕೆಲಸ ಮಾಡಿತು. ವಾಪಸ್ ಬರೋ ಲೆಕ್ಕ ಮಾತ್ರ ಎಲ್ಲೋ ತಪ್ಪಿಹೋಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1930ರ ದಶಕದ ನಡುವೆ ಇಟಲಿಯ ಇಬ್ಬರು ಯುವ ನೌಕಾ ಎಂಜಿನಿಯರ್‌ಗಳು, ತೆಸೆಯೊ ತೆಸೆಯಿ ಮತ್ತು ಎಲಿಯೊಸ್ ತೊಸ್ಕಿ, ಈ ಜಿಗಣೆಯನ್ನು ಪೂರ್ತಿ ನೀರೊಳಗೆ ಇಳಿಸಿದರು. ಗಾಳಿಯ ಬದಲು ಬ್ಯಾಟರಿ ಮತ್ತು ವಿದ್ಯುತ್ ಮೋಟಾರ್. ಸುಮಾರು 7 ಮೀಟರ್ ಉದ್ದ. ಇಬ್ಬರು ಕುದುರೆ ಮೇಲೆ ಕೂತಂತೆ ಕಾಲು ಇಳಿಬಿಟ್ಟು ಕೂರಬೇಕು. ಗುಳ್ಳೆ ಬಿಡದ ಆಮ್ಲಜನಕದ ಉಸಿರಾಟದ ಉಪಕರಣ. ಮೂತಿಯಲ್ಲಿ 200 ಕಿಲೋಗೂ ಮೀರಿದ ಸ್ಫೋಟಕ. ವೇಗ? ಗಂಟೆಗೆ ಸುಮಾರು 5 ಕಿಲೋಮೀಟರ್. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡೋ ತಾತಂದಿರ ಸ್ಪೀಡು. ಅಧಿಕೃತ ಹೆಸರೇ 'ನಿಧಾನಗತಿಯ ಟಾರ್ಪಿಡೋ' ಅಂತ. ಹೇಳಿದ ಮಾತು ಕೇಳದ ಈ ಮೊಂಡು ಯಂತ್ರಕ್ಕೆ ಅದನ್ನು ನಡೆಸೋರು ಇಟ್ಟ ಹೆಸರು 'ಮಯಾಲೆ', ಅಂದರೆ ಹಂದಿ.

ಇವತ್ತಿನ ಡೈವಿಂಗ್ ಸ್ಕೂಟರಿನ ಅಜ್ಜ ಅಂದರೆ ಈ ಹಂದಿಯೇ.

1941ರ ಡಿಸೆಂಬರ್ 18ರ ರಾತ್ರಿ 'ಶಿರೆ' ಅನ್ನೋ ಜಲಾಂತರ್ಗಾಮಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ ಇಂಥ ಮೂರು ಹಂದಿಗಳನ್ನು, ಆರು ಜನರನ್ನು ನೀರಿಗೆ ಬಿಟ್ಟಿತು. ಬ್ರಿಟಿಷರು ತಮ್ಮದೇ ಹಡಗುಗಳನ್ನು ಒಳಗೆ ಬಿಟ್ಟುಕೊಳ್ಳೋಕೆ ಬಂದರಿನ ಬೇಲಿ ತೆಗೆದಾಗ ಇವರೂ ಅವುಗಳ ಜೊತೆಗೇ ಒಳಗೆ ನುಸುಳಿದರು. ಲುಯಿಜಿ ದುರಾಂದ್ ದೆ ಲಾ ಪೆನ್ನೆ ಮತ್ತು ಎಮಿಲಿಯೊ ಬಿಯಾಂಕಿ ಅವರ ಗುರಿ 'ವೇಲಿಯಂಟ್' ಅನ್ನೋ ಯುದ್ಧನೌಕೆ. ಅದರ ಹತ್ತಿರ ಬಂದಾಗ ಒಂದು ಉಕ್ಕಿನ ತಂತಿ ಪ್ರೊಪೆಲ್ಲರಿಗೆ ಸಿಕ್ಕಿಹಾಕಿಕೊಂಡಿತು. ಯಂತ್ರ ನಿಂತುಹೋಯಿತು. ಬಿಯಾಂಕಿ ಪ್ರಜ್ಞೆ ತಪ್ಪಿ ಮೇಲೆ ತೇಲಿಹೋದ. ದೆ ಲಾ ಪೆನ್ನೆ ಒಬ್ಬನೇ ಚಳಿಗಾಲದ ನೀರಿನಲ್ಲಿ, ಕಣ್ಣಿಗೆ ಏನೂ ಕಾಣದ ಕೆಸರಿನಲ್ಲಿ, ಆ ಸತ್ತ ಯಂತ್ರವನ್ನು ಕೈಯಲ್ಲಿ ಇಂಚಿಂಚಾಗಿ ಎಳೆದುಕೊಂಡು ಹೋಗಿ ಹಡಗಿನ ಕೆಳಗೆ ಇಟ್ಟ.

ನನ್ನ ಮಟ್ಟಿಗೆ ಇಡೀ ಇತಿಹಾಸದ ಮುಖ್ಯ ಚಿತ್ರ ಇದು. ಸ್ಕೂಟರ್ ಮನುಷ್ಯನನ್ನು ಎಳೆಯಬೇಕಿತ್ತು, ಇಲ್ಲಿ ಮನುಷ್ಯ ಸ್ಕೂಟರನ್ನು ಎಳೆದ.

ಇಬ್ಬರೂ ಸಿಕ್ಕಿಬಿದ್ದರು. ಕ್ಯಾಪ್ಟನ್ ಚಾರ್ಲ್ಸ್ ಮಾರ್ಗನ್ ಎಷ್ಟು ವಿಚಾರಿಸಿದರೂ ಬಾಯಿ ಬಿಡಲಿಲ್ಲ. ಅವರನ್ನು ಹಡಗಿನ ತಳದ ಕೋಣೆಯಲ್ಲಿ, ಅಂದರೆ ತಾವೇ ಇಟ್ಟ ಸ್ಫೋಟಕದ ಹತ್ತಿರವೇ ಕೂಡಿಹಾಕಿದರು. ಸ್ಫೋಟಕ್ಕೆ ಸ್ವಲ್ಪ ಮುಂಚೆ ದೆ ಲಾ ಪೆನ್ನೆ ಕ್ಯಾಪ್ಟನ್‌ನನ್ನು ಕಂಡು, ಹಡಗು ಸಿಡಿಯುತ್ತೆ, ನಿಮ್ಮ ಜನರನ್ನು ಉಳಿಸಿಕೊಳ್ಳಿ ಅಂತ ಹೇಳಿದ. ಎಲ್ಲಿಟ್ಟಿದ್ದೇನೆ ಅಂತ ಮಾತ್ರ ಹೇಳಲಿಲ್ಲ. 1918ರ ದೃಶ್ಯವೇ ಮತ್ತೆ. ವೇಲಿಯಂಟ್ ಮತ್ತು 'ಕ್ವೀನ್ ಎಲಿಜಬೆತ್' ಎರಡೂ ಬಂದರಿನ ಆಳವಿಲ್ಲದ ನೀರಿನಲ್ಲಿ ತಳಕ್ಕೆ ಕೂತವು, ಒಂದು ಟ್ಯಾಂಕರ್ ಹಡಗೂ ಹಾಳಾಯಿತು. ದೆ ಲಾ ಪೆನ್ನೆ, ಬಿಯಾಂಕಿ ಬದುಕುಳಿದರು. 1945ರಲ್ಲಿ ಇಟಲಿ ಪಕ್ಷ ಬದಲಾಯಿಸಿದ್ದ ಕಾಲಕ್ಕೆ ದೆ ಲಾ ಪೆನ್ನೆಗೆ ಚಿನ್ನದ ಪದಕ ಬಂತು. ಅದನ್ನು ಅವನ ಎದೆಗೆ ಚುಚ್ಚಿದವನು ಅದೇ ಮಾರ್ಗನ್!

ಸಿನಿಮಾದಂಥ ಕಥೆ, ನಿಜ. ಆದರೆ ಉಳಿದವರ ಕಥೆ ಯಾರೂ ಅಷ್ಟಾಗಿ ಹೇಳೋದಿಲ್ಲ. ಯಂತ್ರವನ್ನು ಅಲ್ಲೇ ಮುಳುಗಿಸಿ, ದಡಕ್ಕೆ ಈಜಿ, ಊರೊಳಗೆ ಮಾಯವಾಗಿ, ಸಮುದ್ರದಲ್ಲಿ ಕಾಯುವ ಜಲಾಂತರ್ಗಾಮಿಯನ್ನು ಸೇರಬೇಕು ಅನ್ನೋದು ಪ್ಲಾನ್. ಖರ್ಚಿಗೆ ಅಂತ ಅವರ ಜೇಬಿಗೆ ಹಾಕಿದ್ದು ಬ್ರಿಟಿಷ್ ಪೌಂಡ್ ನೋಟುಗಳನ್ನು. ಈಜಿಪ್ಟಿನ ಅಂಗಡಿಯಲ್ಲಿ ಅವು ನಡೆಯುತ್ತಿರಲಿಲ್ಲ! ಆ ನೋಟು ಬದಲಾಯಿಸೋ ಪರದಾಟದಲ್ಲೇ ಹೊತ್ತು ಹೋಯಿತು. ಆರಕ್ಕೆ ಆರು ಜನರೂ ಸಿಕ್ಕಿಬಿದ್ದರು. ಒಳಗೆ ಹೋಗೋಕೆ ವರ್ಷಗಟ್ಟಲೆ ತಯಾರಿ ಮಾಡಿದ ನೌಕಾಪಡೆ, ಹೊರಗೆ ಬರೋದಕ್ಕೆ ಸರಿಯಾದ ನೋಟು ಕೊಡೋದನ್ನು ಮರೆತಿತ್ತು. ಹಂದಿಯನ್ನು ರೂಪಿಸಿದ ತೆಸೆಯಿ ಇದನ್ನೆಲ್ಲ ನೋಡೋಕೆ ಇರಲಿಲ್ಲ. ಅದೇ ವರ್ಷ ಜುಲೈನಲ್ಲಿ ಮಾಲ್ಟಾದ ಮೇಲಿನ ದಾಳಿಯಲ್ಲಿ ತನ್ನದೇ ಯಂತ್ರದ ಮೇಲೆ ಹೋಗಿ ಸತ್ತಿದ್ದ.

ಪೆಟ್ಟು ತಿಂದ ಬ್ರಿಟಿಷರು ಸುಮ್ಮನೆ ಕೂರಲಿಲ್ಲ. ಇಟಲಿಯ ಯಂತ್ರವನ್ನೇ ನೋಡಿಕೊಂಡು 1942ರಲ್ಲಿ ತಮ್ಮದೊಂದು ಮಾಡಿದರು, 'ಚಾರಿಯಟ್' ಅಂತ ಹೆಸರಿಟ್ಟರು. ಅದರ ಒಂದು ಕಾರ್ಯಾಚರಣೆ ನಡೆದದ್ದು ಇವತ್ತು ನಾವು ರಜೆ ಹಾಕಿ ಡೈವಿಂಗ್‌ಗೆ ಹೋಗೋ ಅಂಡಮಾನ್ ಸಮುದ್ರದಲ್ಲೇ. 1944ರ ಅಕ್ಟೋಬರ್‌ನಲ್ಲಿ, ಜಪಾನೀಯರ ಹಿಡಿತದಲ್ಲಿದ್ದ ಫುಕೆಟ್ ಬಂದರಿಗೆ 'ಟ್ರೆಂಚಂಟ್' ಅನ್ನೋ ಬ್ರಿಟಿಷ್ ಜಲಾಂತರ್ಗಾಮಿ ಎರಡು ಚಾರಿಯಟ್‌ಗಳನ್ನು ಹೊತ್ತು ಹೋಯಿತು. ಗುರಿಯಾಗಿ ಸಿಕ್ಕಿದ್ದು 'ಸುಮಾತ್ರಾ', 'ವೋಲ್ಪಿ' ಅನ್ನೋ ಎರಡು ಹಡಗುಗಳು. ಎರಡೂ ಮೂಲತಃ ಇಟಲಿಯವು. ಇಟಲಿಯ ವಿದ್ಯೆ ಇಟಲಿಯ ಹಡಗಿನ ಮೇಲೇ ತಿರುಗಿತು. ಈ ಸಲ ವ್ಯತ್ಯಾಸ ಏನಪ್ಪಾ ಅಂದರೆ, ಹೋದ ನಾಲ್ವರೂ ವಾಪಸ್ ಬಂದು ಜಲಾಂತರ್ಗಾಮಿ ಸೇರಿದರು. ಯಂತ್ರಗಳನ್ನು ಸಮುದ್ರಕ್ಕೇ ಬಿಟ್ಟರು, ಮನುಷ್ಯರನ್ನು ಕರೆದುಕೊಂಡು ಹೋದರು. ಸರಿಯಾದ ಆದ್ಯತೆ ಅಂದರೆ ಇದು.

ಯುದ್ಧ ಮುಗಿದ ಮೇಲೆ ಈ ಯಂತ್ರ ಸ್ಫೋಟಕ ಕಳಚಿಟ್ಟು ಕ್ಯಾಮೆರಾ ಹಿಡಿಯಿತು. 1950ರ ದಶಕದಲ್ಲಿ ಫ್ರಾನ್ಸಿನ ದಿಮಿತ್ರಿ ರೆಬಿಕೋಫ್ ಅನ್ನೋ ಸಂಶೋಧಕ ಒಬ್ಬರೇ ನಡೆಸಬಹುದಾದ ಸಣ್ಣ ವಾಹನ ಮಾಡಿದ. ಮುಂದೆ 'ಪೆಗಾಸಸ್' ಅಂತ ಪ್ರಸಿದ್ಧವಾದ ಅದರ ಮೇಲೆ ಕ್ಯಾಮೆರಾ ಕಟ್ಟಿ ಸಮುದ್ರತಳದ ಸಾಲು ಸಾಲು ಚಿತ್ರ ತೆಗೆಯಬಹುದಿತ್ತು. ಝಾಕ್ ಕೂಸ್ಟೋ ಮತ್ತು ಲೂಯಿ ಮಾಲ್ ಮಾಡಿದ 'ದಿ ಸೈಲೆಂಟ್ ವರ್ಲ್ಡ್' ಚಿತ್ರದಲ್ಲೂ ನೀರೊಳಗಿನ ಸ್ಕೂಟರ್ ಬರುತ್ತದೆ. 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದ ಆ ಚಿತ್ರ ಒಂದು ಇಡೀ ತಲೆಮಾರಿಗೆ ಡೈವಿಂಗ್ ಹುಚ್ಚು ಹಿಡಿಸಿತು. ಆಮೇಲೆ 1965ರಲ್ಲಿ ಬಂತು ಜೇಮ್ಸ್ ಬಾಂಡ್‌ನ 'ಥಂಡರ್‌ಬಾಲ್'. ಬಹಾಮಾಸ್ ದ್ವೀಪಗಳ ತಿಳಿನೀರಿನಲ್ಲಿ ಎರಡು ಪಡೆಗಳು ಸ್ಕೂಟರ್ ಹಿಡಿದು ಹೊಡೆದಾಡೋ ದೃಶ್ಯ ನೋಡಿದವರು ಮರೆಯಲ್ಲ. ಇವತ್ತು ಜಾಹೀರಾತುಗಳಲ್ಲಿ ಮಾರೋದು ಆ ದೃಶ್ಯವನ್ನೇ: ವೇಗ, ಸ್ಟೈಲು, ನೀಲಿ ನೀರು. ಬಾಂಡ್‌ಗೆ ಬ್ಯಾಟರಿ ಖಾಲಿಯಾಗೋ ಚಿಂತೆ ಇರಲ್ಲ ಬಿಡಿ, ಕಟ್ ಅಂದ ಕೂಡಲೇ ಮೇಲೆ ದೋಣಿ ರೆಡಿ ಇರುತ್ತೆ.

ಆ ಚಿತ್ರದ ನೀರೊಳಗಿನ ದೃಶ್ಯಗಳನ್ನು ನಿರ್ದೇಶಿಸಿದವನು ರಿಕೌ ಬ್ರೌನಿಂಗ್. ಅದಕ್ಕೂ ಹತ್ತು ವರ್ಷ ಮುಂಚೆ ಅವನು ಒಂದು ಹಾಲಿವುಡ್ ಹಾರರ್ ಚಿತ್ರದಲ್ಲಿ ಜಲರಾಕ್ಷಸನ ವೇಷ ಹಾಕಿ ಈಜಿದ್ದ. ಆ ಚಿತ್ರೀಕರಣ ನಡೆದದ್ದು ಅಮೆರಿಕದ ಫ್ಲಾರಿಡಾದ ವಕುಲ್ಲಾ ಸ್ಪ್ರಿಂಗ್ಸ್ ಅನ್ನೋ ದೊಡ್ಡ ಚಿಲುಮೆಯಲ್ಲಿ. ಸ್ಕೂಟರ್ ನಿಜವಾಗಿ ಬುದ್ಧಿ ಕಲಿತದ್ದು ಅದೇ ಚಿಲುಮೆಯ ಕೆಳಗೆ.

ವಕುಲ್ಲಾದ ಅಡಿಯಲ್ಲಿ ನೀರು ತುಂಬಿದ ಸುಣ್ಣಕಲ್ಲಿನ ಗುಹೆಗಳ ಜಾಲವೇ ಇದೆ. ಗುಹೆಯಲ್ಲಿ ಡೈವ್ ಮಾಡೋದಕ್ಕೂ ಸಮುದ್ರದಲ್ಲಿ ಮಾಡೋದಕ್ಕೂ ಇರೋ ವ್ಯತ್ಯಾಸ ಒಂದೇ ವಾಕ್ಯದ್ದು: ಸಮಸ್ಯೆ ಬಂದರೆ ಮೇಲೆ ಹೋಗುವಂತಿಲ್ಲ, ಮೇಲೆ ಬಂಡೆ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಶೆಕ್ ಎಕ್ಸ್‌ಲಿ ಅನ್ನೋ ಫ್ಲಾರಿಡಾದ ಡೈವರ್ ಗುಹೆಯಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1979ರಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಅದು ಹರಡಿದ ನಿಯಮಗಳಲ್ಲಿ ಒಂದು ಇವತ್ತಿಗೂ ಗುಹೆ ಡೈವರ್‌ಗಳ ಮೂಲಮಂತ್ರ. ಗಾಳಿಯಲ್ಲಿ ಮೂರನೇ ಒಂದು ಭಾಗ ಹೋಗೋದಕ್ಕೆ, ಮೂರನೇ ಒಂದು ಭಾಗ ಬರೋದಕ್ಕೆ, ಉಳಿದ ಭಾಗ ಮುಟ್ಟುವಂತಿಲ್ಲ. ಅದು ನಿಮ್ಮದೋ ನಿಮ್ಮ ಜೊತೆಗಾರನದೋ ಆಪತ್ತಿಗೆ.

ಈ ಗುಹೆಗಳಿಗೆ ಸ್ಕೂಟರ್ ಬಂದಾಗ ಲೆಕ್ಕ ಪೂರ್ತಿ ಬದಲಾಯಿತು. ಕಾಲಲ್ಲಿ ಈಜಿದರೆ ದಣಿವೇ ನಮ್ಮನ್ನು ತಡೆಯುತ್ತೆ, ತೀರಾ ದೂರ ಹೋಗೋಕೆ ಬಿಡಲ್ಲ. ಸ್ಕೂಟರಿಗೆ ಆ ಕಡಿವಾಣ ಇಲ್ಲ. ಹಾಗಾಗಿ ಗುಹೆ ಡೈವರ್‌ಗಳು ಯಂತ್ರವನ್ನೂ ಅನುಮಾನದಿಂದಲೇ ನೋಡಿದರು. ಬ್ಯಾಟರಿಯನ್ನೂ ಗಾಳಿಯ ಹಾಗೇ ಭಾಗ ಮಾಡಿದರು. ದೂರದ ಪಯಣಕ್ಕೆ ಇನ್ನೊಂದು ಸ್ಕೂಟರನ್ನು ಹಿಂದೆ ಎಳೆದುಕೊಂಡು ಹೋಗೋದು ರೂಢಿಯಾಯಿತು. ಹ್ಯಾಂಡಲ್ ಹಿಡಿದ ಕೈಗೆ ಭಾರ ಬೀಳದಂತೆ, ಸೊಂಟದ ಕೆಳಗಿನ ಪಟ್ಟಿಯ ರಿಂಗಿಗೆ ಹಗ್ಗ ಹಾಕಿ ಮೈಯನ್ನು ಎಳೆಸಿಕೊಳ್ಳೋ ಪದ್ಧತಿ ಬಂತು. ಒಬ್ಬನ ಸ್ಕೂಟರ್ ಕೆಟ್ಟರೆ ಇನ್ನೊಬ್ಬ ಅವನನ್ನು ಎಳೆದು ತರೋದನ್ನು ಅಭ್ಯಾಸ ಮಾಡಿದರು.

2007ರ ಡಿಸೆಂಬರ್‌ನಲ್ಲಿ ಜರೋಡ್ ಜಬ್ಲೋನ್‌ಸ್ಕಿ ಮತ್ತು ಕೇಸಿ ಮೆಕಿನ್ಲೆ ಟರ್ನರ್ ಸಿಂಕ್ ಅನ್ನೋ ಹೊಂಡದಲ್ಲಿ ಇಳಿದು, ನೆಲದಡಿಯ ಗುಹೆಯಲ್ಲೇ ಸುಮಾರು 11 ಕಿಲೋಮೀಟರ್ ಸ್ಕೂಟರಿನಲ್ಲಿ ಸಾಗಿ ವಕುಲ್ಲಾದಲ್ಲಿ ಹೊರಬಂದರು. ಆಳ ಸರಾಸರಿ 80 ಮೀಟರಿಗೂ ಹೆಚ್ಚು. ಪಯಣ ಸುಮಾರು 7 ಗಂಟೆ. ಆಮೇಲೆ ಮೈಗೆ ಸೇರಿದ ಅನಿಲ ಹೊರಹೋಗೋಕೆ ಅಂತ ನಿಧಾನವಾಗಿ ಮೇಲೇರುತ್ತಾ ನೀರಲ್ಲೇ ಕಳೆದದ್ದು ಸುಮಾರು 14 ಗಂಟೆ. ಅಭಿಮನ್ಯು ಹೊರಬಂದ ಕಥೆ ಇದು. ಅವರ ಸ್ಕೂಟರಿನ ವೇಗವನ್ನು ಯಾರೂ ಹಾಡಿ ಹೊಗಳಲ್ಲ. ಅದರ ಹಿಂದಿದ್ದ ವರ್ಷಗಟ್ಟಲೆ ತಯಾರಿಯನ್ನು ಹೊಗಳುತ್ತಾರೆ.

ಈಗ ನಮ್ಮ ವಿಷಯಕ್ಕೆ ಬರೋಣ. "ನಾನೇನು ಗುಹೆಗೆ ಹೋಗ್ತೀನಾ? ಹೋಗೋದು ಹ್ಯಾವ್‌ಲಾಕ್‌ಗೆ" ಅಂತ ನೀವು ಕೇಳಬಹುದು. ಒಂದು ಸರಳ ಲೆಕ್ಕ ಮಾಡಿ ನೋಡಿ. ಫಿನ್ ಬಡಿದು ಆರಾಮಾಗಿ ಈಜಿದರೆ ನಿಮಿಷಕ್ಕೆ ಸುಮಾರು 15 ಮೀಟರ್ ಹೋಗ್ತೀವಿ. ಸಾಧಾರಣ ಸ್ಕೂಟರ್ ನಿಮಿಷಕ್ಕೆ 45 ಮೀಟರ್ ಎಳೆಯುತ್ತೆ ಅಂತಿಟ್ಟುಕೊಳ್ಳಿ. 20 ನಿಮಿಷ ಹೋದರೆ 900 ಮೀಟರ್. ಅಲ್ಲಿ ಅದು ಕೆಟ್ಟರೆ ಈಜಿ ವಾಪಸ್ ಬರೋಕೆ 60 ನಿಮಿಷ ಬೇಕು. ನಮ್ಮಲ್ಲಿ ಬಾಡಿಗೆಗೆ ಸಿಗೋ ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಇರೋದು ಸುಮಾರು 2200 ಲೀಟರ್ ಗಾಳಿ. 20 ಮೀಟರ್ ಆಳದಲ್ಲಿ ನಿಮಿಷಕ್ಕೆ 60 ಲೀಟರ್ ಉಸಿರಾಡೋ ಮನುಷ್ಯನಿಗೆ ಹೋಗುವಾಗಲೇ 1200 ಲೀಟರ್ ಖರ್ಚು. ಉಳಿದ 1000 ಲೀಟರ್ 16 ನಿಮಿಷಕ್ಕೂ ಸ್ವಲ್ಪ ಹೆಚ್ಚು ಬರುತ್ತೆ ಅಷ್ಟೆ. ಅಷ್ಟರಲ್ಲಿ ಈಜಬಹುದಾದ್ದು 250 ಮೀಟರ್. ಸಮುದ್ರದಲ್ಲಿ ಮೇಲೆ ಬರಬಹುದು, ನಿಜ. ಆದರೆ ನೀವು ಎದ್ದಿರೋದು ದೋಣಿಯಿಂದ ಅರ್ಧ ಕಿಲೋಮೀಟರಿಗಿಂತ ಆಚೆ, ಅಲೆಗಳ ಮಧ್ಯೆ ಒಂದು ಕಪ್ಪು ತಲೆ. ದೋಣಿಯವನ ಕಣ್ಣಿಗೆ ಅದು ಬೀಳುತ್ತಾ?

ಹಳೆಯ ಬಜಾಜ್ ಸ್ಕೂಟರ್ ನೆನಪಿದ್ದರೆ ಗೊತ್ತಿರುತ್ತೆ. ಪೆಟ್ರೋಲ್ ಮುಗಿದರೆ ರಿಸರ್ವ್‌ಗೆ ತಿರುಗಿಸೋದು, ಅದೂ ಮುಗಿದರೆ ಅಪ್ಪ ಗಾಡಿಯನ್ನು ಒಂದು ಕಡೆ ವಾಲಿಸಿ, ಇನ್ನೆರಡು ಕಿಕ್ ಹೊಡೆದು ಹೇಗೋ ಮನೆ ಮುಟ್ಟಿಸೋದು. ನೀರೊಳಗೆ ಆ ಉಪಾಯ ನಡೆಯಲ್ಲ. ರಿಸರ್ವ್ ಅನ್ನೋದನ್ನು ದಡದಲ್ಲೇ ತಲೆಯೊಳಗೆ ಇಟ್ಟುಕೊಂಡು ಇಳಿಯಬೇಕು.

ಆದ್ದರಿಂದ ಸ್ಕೂಟರ್ ನೋಡುವಾಗ ನಾನು ಕೇಳೋ ಪ್ರಶ್ನೆಗಳು ಬೇರೆ. ಮೊದಲನೆಯದು: ನಿಧಾನವಾಗಿ ಓಡಿಸಿದರೆ ಎಷ್ಟು ದೂರ ಬರುತ್ತೆ? ನೀರಿನಲ್ಲಿ ವೇಗ ಎರಡು ಪಟ್ಟಾದರೆ ಬೇಕಾಗೋ ಶಕ್ತಿ ಹೆಚ್ಚುಕಮ್ಮಿ ಎಂಟು ಪಟ್ಟು. ಟಾಪ್ ಸ್ಪೀಡಿನ ಅರ್ಧದಲ್ಲಿ ಹೋದರೆ ಅದೇ ಬ್ಯಾಟರಿ ಸರಿಸುಮಾರು ನಾಲ್ಕು ಪಟ್ಟು ದೂರ ತಲುಪಿಸುತ್ತೆ. ಪೆಟ್ಟಿಗೆ ಮೇಲೆ ಬರೆದ ವೇಗ ಮತ್ತು ಪೆಟ್ಟಿಗೆ ಮೇಲೆ ಬರೆದ ಸಮಯ ಎರಡೂ ಒಟ್ಟಿಗೆ ಸಿಗಲ್ಲ. ಕಡಿಮೆ ಗೇರ್ ಇದೆಯಾ, ಉಳಿದ ಚಾರ್ಜ್ ಸ್ಪಷ್ಟವಾಗಿ ಕಾಣುತ್ತಾ, ಅದನ್ನು ನೋಡಿ.

ಎರಡನೆಯದು: ಕೆಟ್ಟಾಗ ಏನಾಗುತ್ತೆ? ಟ್ರಿಗರ್ ಬಿಟ್ಟ ಕೂಡಲೇ ನಿಲ್ಲಬೇಕು. ಅದು ಸಿಕ್ಕಿಕೊಂಡರೆ ನಿಲ್ಲಿಸೋ ಇನ್ನೊಂದು ದಾರಿ ಇರಬೇಕು. ಪ್ರೊಪೆಲ್ಲರಿಗೆ ಕೂದಲು, ಪಟ್ಟಿ, ಹಗ್ಗ ಹೋಗದಂತೆ ಸುತ್ತ ರಕ್ಷಣೆ ಇರಬೇಕು. ವೇಲಿಯಂಟ್ ಕೆಳಗಿನ ಆ ತಂತಿಯನ್ನು ನೆನೆಯಿರಿ.

ಮೂರನೆಯದು: ಕೈಬಿಟ್ಟರೆ ತೇಲುತ್ತೋ, ಮುಳುಗುತ್ತೋ? ಎರಡೂ ಅತಿಯಾಗಬಾರದು, ಇದ್ದಲ್ಲೇ ಇರೋ ಹಾಗಿರಬೇಕು. ಬೆಂಗಳೂರಿನ ಈಜುಕೊಳದಲ್ಲಿ ಸರಿ ಇದ್ದದ್ದು ಸಮುದ್ರದಲ್ಲಿ ಸರಿ ಇರಲ್ಲ. ಉಪ್ಪುನೀರು ತೂಕ ಜಾಸ್ತಿ. 20 ಲೀಟರ್ ಗಾತ್ರದ ಸ್ಕೂಟರ್ ಸಮುದ್ರದಲ್ಲಿ ಸುಮಾರು ಅರ್ಧ ಕಿಲೋ ಮೇಲಕ್ಕೆ ತಳ್ಳುತ್ತೆ. ಹ್ಯಾಂಡಲ್ ಮೇಲಕ್ಕೆ ತಿರುಗಿಸಿಕೊಂಡು ಟ್ರಿಗರ್ ಒತ್ತಿ ಹಿಡಿದರೆ ಇನ್ನೂ ಅಪಾಯ. ನಿಮಿಷಕ್ಕೆ 45 ಮೀಟರ್ ವೇಗದಲ್ಲಿ 20 ಮೀಟರ್ ಆಳದಿಂದ ಅರ್ಧ ನಿಮಿಷದೊಳಗೆ ಮೇಲೆ ಬಂದುಬಿಡ್ತೀರಿ. ಕೋರ್ಸಿನಲ್ಲಿ ಹೇಳಿಕೊಡೋ ಮಿತಿ ನಿಮಿಷಕ್ಕೆ 9ರಿಂದ 18 ಮೀಟರ್. ಶ್ವಾಸಕೋಶ ಹರಿಯೋಕೆ ಅಷ್ಟು ಅವಸರ ಸಾಕು.

ನಾಲ್ಕನೆಯದು ನಮ್ಮಂಥ ವಿಮಾನ ಹತ್ತಿ ಹೋಗೋ ಡೈವರ್‌ಗಳದ್ದು: ಬ್ಯಾಟರಿ ಎಷ್ಟು ವಾಟ್-ಅವರ್? ಲಿಥಿಯಂ ಬ್ಯಾಟರಿ 100ರೊಳಗಿದ್ದರೆ ತಂಟೆ ಇಲ್ಲ. 100ರಿಂದ 160ರವರೆಗೆ ಏರ್‌ಲೈನಿನ ಅನುಮತಿ ಬೇಕು. 160 ದಾಟಿದರೆ ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಗುಹೆ ಡೈವರ್‌ಗಳ ದೊಡ್ಡ ಸ್ಕೂಟರ್‌ಗಳು ಈ ಮಿತಿಯ ಎಷ್ಟೋ ಪಟ್ಟು ಮೇಲಿರುತ್ತವೆ. ಕೈಯಲ್ಲಿ ಹಿಡಿಯೋ ಸಣ್ಣವೇ ಪೋರ್ಟ್ ಬ್ಲೇರ್ ವಿಮಾನ ಹತ್ತೋದು. ಹತ್ತಿಸಲಾಗದ ಸ್ಕೂಟರ್ ಎಷ್ಟು ಚೆನ್ನಾಗಿದ್ದರೇನು, ಮನೆಯ ಅಟ್ಟದ ಮೇಲೆ ಮಲಗುತ್ತೆ. ಇಳಿಯುವ ಆಳಕ್ಕೆ ಅದು ತಡೆಯುತ್ತಾ ಅನ್ನೋದನ್ನೂ ಇದರ ಜೊತೆಗೇ ನೋಡಿಕೊಳ್ಳಿ.

ಕೊನೆಯದು ಯಂತ್ರದ್ದಲ್ಲ, ನಿಮ್ಮದು. ನಿಮ್ಮ ಜೊತೆಗಾರನ ಹತ್ತಿರವೂ ಸ್ಕೂಟರ್ ಇದೆಯಾ? ಒಬ್ಬನಿಗಿದ್ದು ಇನ್ನೊಬ್ಬನಿಗಿಲ್ಲದಿದ್ದರೆ ಎರಡು ನಿಮಿಷದಲ್ಲಿ ಇಬ್ಬರೂ ಒಂಟಿ. ಮೇಲೆ ಎದ್ದಾಗ ದೋಣಿಯವರಿಗೆ ಕಾಣುವಂತೆ ಉಬ್ಬಿಸೋ ಕಿತ್ತಳೆ ಬಣ್ಣದ ಮಾರ್ಕರ್ ಬಲೂನು ಜೇಬಿನಲ್ಲಿ ಇದೆಯಾ? ಅದಿಲ್ಲದವರಿಗೆ ನಾನು ಹೇಳೋದಿಷ್ಟೇ: ಮೊದಲು ಅದನ್ನು ತಗೊಳ್ಳಿ, ಸ್ಕೂಟರ್ ಮುಂದಿನ ವರ್ಷ ನೋಡೋಣ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಕೆಲವರು "ಅದೆಲ್ಲ ಸರಿ, ಟಾಪ್ ಸ್ಪೀಡ್?" ಅಂತಾರೆ. ಮೋಟಾರ್, ಬ್ಯಾಟರಿ ಎಲ್ಲವೂ ಈ ನೂರು ವರ್ಷದಲ್ಲಿ ಎಷ್ಟೋ ಮುಂದೆ ಹೋಗಿವೆ. ಆದರೂ ಗುಹೆ ಡೈವರ್‌ಗಳ ಸ್ಕೂಟರುಗಳೂ ಇವತ್ತು ಓಡೋದು ಹೆಚ್ಚುಕಮ್ಮಿ ಆ ಹಂದಿಯ ಆಸುಪಾಸಿನ ವೇಗದಲ್ಲೇ. ಸುಧಾರಿಸಿದ್ದು ವೇಗಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದು ಹೋದವರು ಮನೆಗೆ ಮರಳೋ ರೀತಿ. ಆ ಸುಧಾರಣೆಗೆ ಬೆಲೆ ಕೊಟ್ಟವರು ತುಂಬಾ ಜನ. ಅವರು ಕೊಟ್ಟ ಬೆಲೆಯನ್ನು ನಾವು ಇನ್ನೊಂದು ಸಲ ಕೊಡೋ ಅಗತ್ಯ ಇಲ್ಲ.